ಬಿಸಿಲಿದ್ದೂ ಕತ್ತಲೆ ಯಾಕೆ? ಇದ್ದ ಸೋಲಾರಿಗೆ ಬ್ಯಾಟರಿ ಕೂಡಿಸುವ ಲೆಕ್ಕ

ಚಾವಣಿಯಲ್ಲಿ ಮೂರು ಕಿಲೋವ್ಯಾಟಿನ ಸೋಲಾರ್. ಮೇಲೆ ಉರಿಬಿಸಿಲು. ಆದರೂ ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ಮನೆಯ ಫ್ಯಾನ್ ನಿಲ್ಲುತ್ತದೆ. 'ಮತ್ತೆ ಈ ಪ್ಯಾನೆಲ್ ಯಾಕೆ ಮಾರಾಯ್ರೆ?' ಅಂತ ನೆಂಟರು ಕೇಳ್ತಾರೆ. ಮನೆಯವರೂ ಕೇಳ್ತಾರೆ. ಹಾಕಿಸಿಕೊಂಡವರಲ್ಲೇ ಹಲವರಿಗೆ ಉತ್ತರ ಗೊತ್ತಿರುವುದಿಲ್ಲ.

ಉತ್ತರ ಸರಳ. ನಾವೀಗ ಹಾಕಿಸಿಕೊಳ್ಳುವ ಚಾವಣಿ ಸೋಲಾರಿನ ಇನ್ವರ್ಟರ್ ಸ್ವತಂತ್ರವಾಗಿ ಬದುಕುವ ಜೀವಿ ಅಲ್ಲ. ಲೈನಿನಲ್ಲಿ ಬರುವ 230 ವೋಲ್ಟ್, 50 ಹರ್ಟ್ಸಿನ ತಾಳ ನೋಡಿಕೊಂಡು ಅದಕ್ಕೆ ಸರಿಯಾಗಿ ತನ್ನ ಕರೆಂಟನ್ನು ಸೇರಿಸುವುದಷ್ಟೇ ಅದರ ಕೆಲಸ. ಭಾಗವತರ ತಾಳ ನಿಂತರೆ ಹಿಮ್ಮೇಳವೂ ನಿಲ್ಲಬೇಕಲ್ಲ, ಹಾಗೆ. ಲೈನ್ ಸತ್ತ ಎರಡು ಸೆಕೆಂಡಿನೊಳಗೆ ಅದು ಬಾಗಿಲು ಮುಚ್ಚುತ್ತದೆ. ಬೇಕೆಂದೇ ಹೀಗೆ ಮಾಡಿದ್ದಾರೆ. ಲೈನಿಗೆ ಮರ ಬಿದ್ದಿದೆ, ಲೈನ್‌ಮನ್ ಕಂಬ ಹತ್ತಿದ್ದಾನೆ ಅಂತಿಟ್ಟುಕೊಳ್ಳಿ. ಟ್ರಾನ್ಸ್‌ಫಾರ್ಮರ್ ಕಡೆಯಿಂದ ಕರೆಂಟ್ ತೆಗೆದಿದೆ ಅಂತ ಅವನು ನಂಬಿರುತ್ತಾನೆ. ಆಗ ನಮ್ಮ ಮಾಡಿನಿಂದ ಕರೆಂಟ್ ಹಿಂದಕ್ಕೆ ಹರಿದರೆ ಅವನ ಜೀವಕ್ಕೇ ಸಂಚಕಾರ. ಆದ್ದರಿಂದ ಈ ಏರ್ಪಾಟಿನ ಮೇಲೆ ಸಿಟ್ಟಾಗಿ ಪ್ರಯೋಜನ ಇಲ್ಲ. ಇದನ್ನು 'ಬೈಪಾಸ್' ಮಾಡಿಕೊಡುತ್ತೇನೆ ಎನ್ನುವ ಮೆಕ್ಯಾನಿಕ್ ಬಂದರೆ ಚಾ ಕೊಟ್ಟು ಕಳಿಸಿಬಿಡಿ.

ನಮ್ಮಲ್ಲಿ ಸೋಲಾರಿನ ಕತೆ ಒಂಥರಾ ತಿರುವುಮುರುವು. 1995ರಲ್ಲಿ ಸೆಲ್ಕೋ ಶುರುವಾದ ಕಾಲಕ್ಕೆ ಕರಾವಳಿ, ಮಲೆನಾಡಿನ ಹಳ್ಳಿಗಳಿಗೆ ಬಂದದ್ದು ನಾಲ್ಕು ದೀಪದ ಸೋಲಾರ್. ಅದರಲ್ಲಿ ಬ್ಯಾಟರಿಯೇ ಜೀವ, ಲೈನಿನ ಗೊಡವೆಯೇ ಇಲ್ಲ. ಈಗಿನದ್ದರಲ್ಲಿ ಲೈನೇ ಜೀವ, ಬ್ಯಾಟರಿ ಇಲ್ಲ. ಅಜ್ಜನ ಕಾಲದ ನಾಲ್ಕು ದೀಪ ಮಳೆಗಾಲದ ರಾತ್ರಿ ಉರಿಯುತ್ತಿತ್ತು. ಮೊಮ್ಮಗನ ಮೂರು ಕಿಲೋವ್ಯಾಟ್ ಉರಿಯುವುದಿಲ್ಲ. ಎರಡನ್ನೂ ಒಂದೇ ಮಾಡಿನ ಕೆಳಗೆ ತರುವುದು ಹೇಗೆ ಎಂಬುದೇ ಈ ಬರಹದ ವಿಷಯ.

ನಮ್ಮಲ್ಲಿರುವುದು 2019ರಲ್ಲಿ ಕೂರಿಸಿದ 335 ವ್ಯಾಟಿನ 9 ಪ್ಯಾನೆಲ್. ಸುಳ್ಯ ಕಡೆಯ ಅಡಿಕೆ ತೋಟದ ಮನೆ, ಕರೆಂಟ್ ಲೈನಿನ ಕಟ್ಟಕಡೆಗೆ ಇರುವ ಮನೆ. ಕಳೆದ ವರ್ಷ ಬ್ಯಾಟರಿ ಸೇರಿಸಿದೆವು. ಒಂದು ಮಳೆಗಾಲ ಪೂರ್ತಿ ಬಳಸಿ ನೋಡಿದ ಮೇಲೆಯೇ ಬರೆಯೋಣ ಅಂತ ಕಾದಿದ್ದೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ

ಬ್ಯಾಟರಿ ಯಾಕೆ ಬೇಕು? ಬಿಲ್ಲು ಇಳಿಸಲಿಕ್ಕೋ, ಕತ್ತಲೆ ಕಳೆಯಲಿಕ್ಕೋ?

ಬಿಲ್ಲು ಇಳಿಸಲಿಕ್ಕೆ ಅಂತಾದರೆ ಇಲ್ಲಿಗೇ ಓದು ನಿಲ್ಲಿಸಬಹುದು. ನೆಟ್ ಮೀಟರ್ ಇರುವ ಮನೆಗೆ ಲೈನೇ ಒಂದು ಪುಕ್ಕಟೆ ಬ್ಯಾಟರಿ. ಹಗಲು ಹತ್ತು ಯೂನಿಟ್ ಲೈನಿಗೆ ಕೊಟ್ಟು ರಾತ್ರಿ ಹತ್ತು ಯೂನಿಟ್ ವಾಪಸ್ ಪಡೆದರೆ ಲೆಕ್ಕ ಚುಕ್ತಾ. ಅದೇ ಹತ್ತು ಯೂನಿಟನ್ನು ನಮ್ಮದೇ ಬ್ಯಾಟರಿಗೆ ತುಂಬಿ ತೆಗೆದರೆ ಕೈಗೆ ಸಿಗುವುದು ಎಂಟೋ ಒಂಬತ್ತೋ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಮೇಲಿಂದ ಬ್ಯಾಟರಿಯ ಸವಕಳಿ ಬೇರೆ. 'ಐದು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್' ಅಂತ ಬ್ಯಾಟರಿ ಮಾರುವವರು ಹೇಳಿದರೆ ಪೇಪರ್-ಪೆನ್ನು ಕೊಟ್ಟು 'ಲೆಕ್ಕ ಬರೆದು ತೋರಿಸಿ' ಎನ್ನಿ. ನೆಟ್ ಮೀಟರ್ ಮನೆಗೆ ಆ ಲೆಕ್ಕ ಹೊಂದುವುದಿಲ್ಲ.

ನಮಗೆ ಬೇಕಾದದ್ದು ಕತ್ತಲೆಗೆ ಪರಿಹಾರ. ಅದರಲ್ಲೂ ಮುಖ್ಯವಾಗಿ ಫ್ರಿಜ್. ಅಮ್ಮನ ಇನ್ಸುಲಿನ್ ದಾಸ್ತಾನು ಅದರಲ್ಲಿದೆ. ಪೇಟೆ 20 ಕಿಲೋಮೀಟರ್ ದೂರ. ಮಳೆಯಲ್ಲಿ ಹೊಳೆ ಬಂತೆಂದರೆ ಆ ದಾರಿಯೂ ಇಲ್ಲ. ದೀಪ ಇಲ್ಲದಿದ್ದರೆ ಚಿಮಿಣಿ ಉಂಟು, ಪಂಪ್ ಇಲ್ಲದಿದ್ದರೆ ಬಾವಿಗೆ ರಾಟೆ ಉಂಟು. ಫ್ರಿಜ್ಜಿಗೆ ಬದಲಿ ಇಲ್ಲ. ಪ್ರತಿ ಮನೆಗೂ ಹೀಗೆ ಬಿಡಲಾಗದ ವಸ್ತು ಒಂದು ಇರುತ್ತದೆ. ಅದು ಯಾವುದು ಎಂದು ಮೊದಲು ಗೊತ್ತಾಗಬೇಕು. ಆಮೇಲೆ ಬ್ಯಾಟರಿಯ ಗಾತ್ರ ತಾನಾಗಿ ತೀರ್ಮಾನವಾಗುತ್ತದೆ.

ಎರಡು ತಿಂಗಳ ಡೈರಿ

ಅಂಗಡಿಗೆ ಹೋಗುವ ಮೊದಲು ಒಂದು ಏಪ್ರಿಲ್, ಒಂದು ಜುಲೈ ತಿಂಗಳ ಡೈರಿ ಬರೆದಿಟ್ಟೆ. ಕರೆಂಟ್ ಹೋದ ಹೊತ್ತು, ಬಂದ ಹೊತ್ತು, ಅವತ್ತು ಸೋಲಾರಿನಿಂದ ಬಂದ ಯೂನಿಟ್. ಇಷ್ಟೇ. ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಪುಟ ಸಾಕು.

ಏಪ್ರಿಲಿನಲ್ಲಿ ಸಂಜೆಯ ಗುಡುಗಿಗೆ ಹೋಗುತ್ತಿತ್ತು, ಎರಡು ಮೂರು ಗಂಟೆಯಲ್ಲಿ ಬರುತ್ತಿತ್ತು. ಜುಲೈಯದ್ದೇ ಬೇರೆ ಕತೆ. 19 ದಿನ ಒಂದಲ್ಲ ಒಂದು ಹೊತ್ತು ಕರೆಂಟಿಲ್ಲ. ಹೆಚ್ಚಿನವು ಮೂರು ಗಂಟೆಯ ಒಳಗಿನವು. ನಾಲ್ಕು ಸಲ ಮಾತ್ರ 12 ಗಂಟೆ ದಾಟಿತು. ಅತಿ ದೊಡ್ಡದು 52 ಗಂಟೆ. ಸೋಲಾರ್ ಉತ್ಪತ್ತಿ? ಫೆಬ್ರವರಿಯ ಒಳ್ಳೆ ದಿನಗಳಲ್ಲಿ 12 ಯೂನಿಟ್ ಕೊಡುವ ಪ್ಯಾನೆಲ್‌ಗಳು ಜುಲೈಯ ಜಡಿಮಳೆಗೆ ಎರಡು ಮೂರು ಯೂನಿಟ್ಟಿಗೆ ಇಳಿದವು. ಕೆಲವು ದಿನ ಒಂದೂವರೆ.

ಬ್ಯಾಟರಿ ಹೆಚ್ಚು ಬೇಕಾಗುವುದು ಬಿಸಿಲು ಕಮ್ಮಿ ಇರುವ ತಿಂಗಳಲ್ಲೇ. ಕರಾವಳಿ, ಮಲೆನಾಡಿನವರಿಗೆ ಇದು ದೊಡ್ಡ ಪಾಠ. ರಾಯಚೂರು, ಚಿತ್ರದುರ್ಗದ ಕಡೆಯ ಲೆಕ್ಕವನ್ನು ನಾವು ನಕಲು ಮಾಡಿ ಪ್ರಯೋಜನವಿಲ್ಲ.

ಇನ್ನು ಖರ್ಚಿನ ಪಟ್ಟಿ. ವ್ಯಾಟನ್ನು ಗಂಟೆಯಿಂದ ಗುಣಿಸಿದರೆ ವ್ಯಾಟ್-ಅವರ್. ಸಾವಿರ ಆದರೆ ಒಂದು ಯೂನಿಟ್. ನಮ್ಮಲ್ಲಿ 9 ವ್ಯಾಟಿನ ಆರು ಎಲ್‌ಇಡಿ ಐದು ಗಂಟೆ ಉರಿದರೆ 270. ಎರಡು ಬಿಎಲ್‌ಡಿಸಿ ಫ್ಯಾನ್ ಎಂಟು ಗಂಟೆಗೆ 480. (ಹಳೆಯ ಫ್ಯಾನ್ 75 ವ್ಯಾಟ್ ತಿನ್ನುತ್ತದೆ, ಹೊಸದು 30. ಬ್ಯಾಟರಿಗಿಂತ ಮೊದಲು ಫ್ಯಾನ್ ಬದಲಿಸುವುದು ಲಾಭ.) ಇಂಟರ್‌ನೆಟ್ಟಿನ ಪೆಟ್ಟಿಗೆ ನೋಡಲು ಚಿಕ್ಕದು, 10 ವ್ಯಾಟ್, ಆದರೆ ಹಗಲು ರಾತ್ರಿ ನಡೆಯುವುದರಿಂದ 240. ಫ್ರಿಜ್ ದಿನಕ್ಕೆ 700. ಅರ್ಧ ಎಚ್‌ಪಿಯ ಬಾವಿ ಪಂಪ್ ಅರ್ಧ ಗಂಟೆಗೆ 300. ಟಿವಿ, ಫೋನ್ ಚಾರ್ಜ್ ಸೇರಿ 150. ಮಿಕ್ಸಿ 100. ಒಟ್ಟು 2240. ಅಂದರೆ ಎರಡೂಕಾಲು ಯೂನಿಟ್.

ಇಲ್ಲಿಗೆ ಮುಗಿಯಲಿಲ್ಲ. ಬ್ಯಾಟರಿಯ ಡಿಸಿಯನ್ನು ಎಸಿ ಮಾಡುವಾಗ ಹತ್ತರಲ್ಲಿ ಒಂದು ಪಾಲು ಸೋರುತ್ತದೆ. ಹಾಗಾಗಿ ಎರಡೂವರೆ. ಇದಕ್ಕೂ ಮೇಲೆ ಯಾರೂ ಹೇಳದ ಒಂದು ಖರ್ಚಿದೆ: ಇನ್ವರ್ಟರಿನ ಸ್ವಂತ ಹಸಿವು. ಐದು ಕಿಲೋವ್ಯಾಟಿನ ಇನ್ವರ್ಟರ್ ಏನೂ ಕೆಲಸ ಮಾಡದೆ ಸುಮ್ಮನೆ ಎಚ್ಚರವಾಗಿರಲಿಕ್ಕೇ ಸುಮಾರು 50 ವ್ಯಾಟ್ ತಿನ್ನುತ್ತದೆ. 24 ಗಂಟೆಗೆ 1200. ಹೆಚ್ಚುಕಡಿಮೆ ಎರಡು ಫ್ರಿಜ್ ಸಾಕಿದ ಹಾಗೆ! ಕೊಳ್ಳುವಾಗ 'ಖಾಲಿ ಓಡುವಾಗ ಎಷ್ಟು ವ್ಯಾಟ್?' ಅಂತ ಕೇಳಿ. ಹೇಳಲಿಕ್ಕೆ ತಡವರಿಸಿದರೆ ಮಾಹಿತಿ ಹಾಳೆಯಲ್ಲಿ ಹುಡುಕಿ, ಇರುತ್ತದೆ. ಮನೆಗೆ ಮೂರು ಕಿಲೋವ್ಯಾಟ್ ಸಾಕಾದರೆ ಹತ್ತರದ್ದನ್ನು ತಂದು ಕೂರಿಸುವುದು ಎರಡು ಕರುವಿಗೆ ಆನೆಲಾಯ ಕಟ್ಟಿದ ಹಾಗೆ.

ಎಲ್ಲ ಸೇರಿ ನಮ್ಮ ದಿನದ ಖರ್ಚು 3.7 ಯೂನಿಟ್.

ಮೂರು ದಾರಿ

ಇದ್ದ ಸೋಲಾರಿಗೆ ಬ್ಯಾಟರಿ ಸೇರಿಸಲಿಕ್ಕೆ ದಾರಿ ಮೂರು.

ಒಂದನೆಯದು ಬಡವರ ದಾರಿ. ಹಾಗಂತ ಕೀಳಲ್ಲ. ಸೋಲಾರನ್ನು ಮುಟ್ಟುವುದೇ ಬೇಡ. ಪೇಟೆಯಲ್ಲಿ ಸಿಗುವ ಮಾಮೂಲಿ ಮನೆ ಇನ್ವರ್ಟರ್ ಒಂದು, 150 ಆಂಪಿಯರ್-ಅವರಿನ ಟ್ಯೂಬುಲಾರ್ ಬ್ಯಾಟರಿ ಒಂದು. ಲೈನ್ ಇರುವಾಗ ತುಂಬಿಕೊಳ್ಳುತ್ತದೆ, ಹೋದಾಗ ಕೊಡುತ್ತದೆ. 12 ವೋಲ್ಟನ್ನು 150ರಿಂದ ಗುಣಿಸಿದರೆ 1800 ವ್ಯಾಟ್-ಅವರ್. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೆ ಅದಕ್ಕೆ ಆಯುಷ್ಯ. ಹಾಗಾಗಿ 900. ಸೋರಿಕೆ ಕಳೆದು 750 ಅಂತಿಟ್ಟುಕೊಳ್ಳಿ. ಆರು ದೀಪ, ಎರಡು ಹೊಸ ಫ್ಯಾನ್, ಇಂಟರ್‌ನೆಟ್ ಪೆಟ್ಟಿಗೆಗೆ ಆರು ಗಂಟೆ ಧಾರಾಳ. ನಮ್ಮ ಡೈರಿಯ 19 ದಿನಗಳಲ್ಲಿ ಹೆಚ್ಚಿನವಕ್ಕೆ ಇಷ್ಟೇ ಸಾಕಿತ್ತು! ನನಗೆ ಸಿಕ್ಕಿದ ದರ 25 ಸಾವಿರ ರೂಪಾಯಿ. ಫ್ರಿಜ್ಜಿನ ಹಠ ಇಲ್ಲದ ಮನೆಯವರು ಇದಕ್ಕಿಂತ ಮುಂದೆ ಹೋಗುವ ಅಗತ್ಯ ಇಲ್ಲ ಅಂತ ನನ್ನ ಅಭಿಪ್ರಾಯ.

ಇದರ ಕೊರತೆ ಗೊತ್ತಾಗುವುದು ದೊಡ್ಡ ಕಡಿತದಲ್ಲಿ. ಬ್ಯಾಟರಿ ಖಾಲಿಯಾದ ಮೇಲೆ ತುಂಬಿಸಲಿಕ್ಕೆ ಲೈನ್ ಬರಬೇಕು. ಮೇಲೆ ಪ್ಯಾನೆಲ್‌ಗಳು ಬಿಸಿಲು ಕಾಯಿಸುತ್ತಾ ಕೂತಿರುತ್ತವೆ. ಇದಕ್ಕೂ ಒಂದು ಉಪಾಯ ಇದೆ: ಬೇರೆಯೇ ಒಂದು ಪ್ಯಾನೆಲ್ ತಂದು, ನಡುವೆ ಎಂಪಿಪಿಟಿ ಮಾದರಿಯ ಚಾರ್ಜ್ ಕಂಟ್ರೋಲರ್ ಇಟ್ಟು, ನೇರ ಬ್ಯಾಟರಿಗೆ ಕೊಡುವುದು. 335 ವ್ಯಾಟಿನ ಒಂದು ಪ್ಯಾನೆಲ್ ಸುಮಾರು 25 ಆಂಪಿಯರ್ ಕೊಟ್ಟೀತು. 150ರ ಬ್ಯಾಟರಿಗೆ ಅದಕ್ಕಿಂತ ಹೆಚ್ಚು ನುಗ್ಗಿಸಬಾರದು. ಅಗ್ಗದ ಪಿಡಬ್ಲ್ಯುಎಂ ಕಂಟ್ರೋಲರ್ ಇದಕ್ಕೆ ಬೇಡ. ದೊಡ್ಡ ಪ್ಯಾನೆಲ್ಲಿನ 38 ವೋಲ್ಟನ್ನು ಅದು 12ರ ಬ್ಯಾಟರಿಯ ಮಟ್ಟಕ್ಕೆ ಎಳೆದು ಅರ್ಧಕ್ಕಿಂತ ಹೆಚ್ಚು ಶಕ್ತಿ ಹಾಳು ಮಾಡುತ್ತದೆ. ಮಾಡಿನಲ್ಲಿ ಇರುವ ಪ್ಯಾನೆಲ್‌ಗಳಲ್ಲೇ ಒಂದನ್ನು ಕಳಚಿ ಇದಕ್ಕೆ ಬಳಸುವುದೂ ಬೇಡ. ನೆಟ್ ಮೀಟರಿನ ಒಪ್ಪಂದದಲ್ಲಿ ಬರೆದ ಲೆಕ್ಕ ತಪ್ಪುತ್ತದೆ.

ಎರಡನೆಯ ದಾರಿಯಲ್ಲಿ ಹಳೆ ಸೋಲಾರ್ ಇನ್ವರ್ಟರ್ ಇದ್ದಲ್ಲೇ ಇರುತ್ತದೆ. ಪಕ್ಕಕ್ಕೆ ತಾಳ ಹಾಕಬಲ್ಲ ಇನ್ನೊಂದು ಬ್ಯಾಟರಿ ಇನ್ವರ್ಟರ್ ಬರುತ್ತದೆ. ಲೈನ್ ಹೋದಾಗ ಅದು ಮನೆಯನ್ನು ಲೈನಿನಿಂದ ಕಳಚಿ, ತಾನೇ ಭಾಗವತನಾಗಿ 230 ವೋಲ್ಟಿನ ತಾಳ ಹಿಡಿಯುತ್ತದೆ. ಸೋಲಾರ್ ಇನ್ವರ್ಟರ್ ಅದನ್ನೇ ಲೈನ್ ಅಂತ ನಂಬಿ ಕೆಲಸ ಶುರು ಮಾಡುತ್ತದೆ. ಎಸಿ ಕಪ್ಲಿಂಗ್ ಅಂತ ಇದರ ಹೆಸರು. ಬ್ಯಾಟರಿ ತುಂಬಿದ ಮೇಲೆ ಹೆಚ್ಚಾದ ಕರೆಂಟ್ ಎಲ್ಲಿ ಹೋಗಬೇಕು? ಬ್ಯಾಟರಿ ಇನ್ವರ್ಟರ್ ತಾಳವನ್ನು 50 ಹರ್ಟ್ಸಿನಿಂದ ತುಸು ಮೇಲಕ್ಕೆ ಏರಿಸುತ್ತದೆ. ಅದನ್ನು ನೋಡಿ ಸೋಲಾರ್ ಇನ್ವರ್ಟರ್ ಕೈ ಕಟ್ಟುತ್ತದೆ. ಚಂದದ ಏರ್ಪಾಟು. ಆದರೆ ಎರಡಕ್ಕೂ ಈ ಭಾಷೆ ಬರಬೇಕು. ಬ್ಯಾಟರಿ ಇನ್ವರ್ಟರಿನ ಶಕ್ತಿ ಸೋಲಾರ್ ಇನ್ವರ್ಟರಿಗಿಂತ ಕಮ್ಮಿ ಇರಬಾರದು. ಬ್ಯಾಟರಿಯೂ ತೀರಾ ಸಣ್ಣದಿರಬಾರದು.

ಇಲ್ಲೊಂದು ಅಪಾಯದ ಮಾತು. ಮೊದಲ ದಾರಿಯ ಮಾಮೂಲಿ ಇನ್ವರ್ಟರಿನ ಔಟ್‌ಪುಟ್ಟಿಗೆ ಹೀಗೆ ಸೋಲಾರನ್ನು ಜೋಡಿಸಬಾರದು. ಪಕ್ಕದ ಊರಿನ ಕೃಷಿಕರೊಬ್ಬರ ಮನೆಯಲ್ಲಿ ಎಲೆಕ್ಟ್ರಿಷಿಯನ್ 'ಎಲ್ಲ ಒಂದೇ' ಅಂತ ಜೋಡಿಸಿಕೊಟ್ಟರು. ಸೈನ್ ವೇವಿನ ಇನ್ವರ್ಟರ್ ಆದ್ದರಿಂದ ಸೋಲಾರ್ ಮೋಸ ಹೋಗಿ ಚಾಲೂ ಆಯಿತು. ಮನೆಯಲ್ಲಿ ಆಗ ಉರಿಯುತ್ತಿದ್ದದ್ದು ಎರಡೇ ದೀಪ. ಉಳಿದ ಎರಡು ಸಾವಿರ ವ್ಯಾಟ್ ಹಿಂದುಮುಂದಾಗಿ ಇನ್ವರ್ಟರಿನ ಒಳಗೆ ನುಗ್ಗಿತು. ಆ ಇನ್ವರ್ಟರಿಗೆ ಅದನ್ನು ತಡೆಯಲೂ ಬಾರದು, ಬಳಸಲೂ ಬಾರದು. ಹೊಗೆ ಬಂತು. ಪುಣ್ಯಕ್ಕೆ ಹಗಲಾದ್ದರಿಂದ ಯಾರೋ ನೋಡಿದರು.

ಮೂರನೆಯದು ಹಳೆ ಇನ್ವರ್ಟರ್ ತೆಗೆದು ಹೈಬ್ರಿಡ್ ಕೂರಿಸುವುದು. ಪ್ಯಾನೆಲ್, ಬ್ಯಾಟರಿ, ಲೈನ್ ಮೂರೂ ಒಂದೇ ಪೆಟ್ಟಿಗೆಗೆ ಬರುತ್ತವೆ. ಅದರಿಂದ ಎರಡು ಹೊರದಾರಿ. ಒಂದು ಲೈನಿಗೆ, ಇನ್ನೊಂದು 'ಬ್ಯಾಕಪ್' ಬೋರ್ಡಿಗೆ. ನಾವು ಹೋದದ್ದು ಈ ದಾರಿಯಲ್ಲಿ. ಹಳೆಯದಕ್ಕೆ ಎಸಿ ಕಪ್ಲಿಂಗಿನ ಭಾಷೆ ಬರುವುದಿಲ್ಲ ಅಂತ ಅದರ ಪುಸ್ತಕದಿಂದಲೇ ಗೊತ್ತಾಗಿತ್ತು.

ಹೈಬ್ರಿಡ್ ಆರಿಸುವಾಗ ಪ್ಯಾನೆಲ್ ಕಡೆಯ ವೋಲ್ಟೇಜ್ ನೋಡದೆ ದುಡ್ಡು ಕೊಡಬೇಡಿ. ನಮ್ಮ 9 ಪ್ಯಾನೆಲ್ ಒಂದೇ ಸಾಲಿನಲ್ಲಿ ಕಟ್ಟಿದವು. ಲೋಡ್ ಇಲ್ಲದಾಗ ಒಂದರ ವೋಲ್ಟೇಜ್ 46. ಒಂಬತ್ತಕ್ಕೆ 414. ಚಳಿಗೆ ಇದು ಏರುತ್ತದೆ, 25 ಡಿಗ್ರಿಯಿಂದ ಕೆಳಗೆ ಪ್ರತಿ ಡಿಗ್ರಿಗೆ ನೂರಕ್ಕೆ 0.3ರಷ್ಟು. ಡಿಸೆಂಬರಿನ ಬೆಳಗ್ಗೆ 15 ಡಿಗ್ರಿಯಾದರೆ 426ರ ಮೇಲೆ. ಹಾಗಾಗಿ 450ಕ್ಕಾದರೂ ತಡೆಯುವ ಇನ್ವರ್ಟರ್ ಬೇಕು. 500ಕ್ಕೆ ತಡೆಯುವುದಾದರೆ ನೆಮ್ಮದಿ. ಪೇಟೆಯಲ್ಲಿ 'ಸೋಲಾರ್ ಹೈಬ್ರಿಡ್' ಅಂತ ಚೀಟಿ ಅಂಟಿಸಿದ ಅಗ್ಗದ ಕೆಲವಕ್ಕೆ 150 ವೋಲ್ಟಿಗಿಂತ ಹೆಚ್ಚು ಕೊಡುವ ಹಾಗಿಲ್ಲ. ಅವಕ್ಕೆ ನಮ್ಮ ಸಾಲು ಕೊಟ್ಟರೆ ಮೊದಲ ದಿನವೇ ಬೂದಿ. ಇನ್ನು ಕೆಲವು ಹೆಸರಿಗೆ ಹೈಬ್ರಿಡ್, ಆದರೆ ಲೈನಿಗೆ ಕರೆಂಟ್ ವಾಪಸ್ ಕೊಡಲಿಕ್ಕೆ ಬಾರದವು. ಅದನ್ನು ಹಾಕಿದರೆ ನೆಟ್ ಮೀಟರ್ ಇದ್ದೂ ಇಲ್ಲದ ಹಾಗೆ.

ಸೀಸವೋ, ಲಿಥಿಯಮ್ಮೋ?

ನಾಲ್ಕು ಟ್ಯೂಬುಲಾರ್ ಸೇರಿಸಿ 48 ವೋಲ್ಟ್ ಮಾಡಿದರೆ 7200 ವ್ಯಾಟ್-ಅವರ್, ಕೈಗೆ ಸಿಗುವುದು ಅರ್ಧ, 3600. ನಮಗೆ ಒಂದು ದಿನಕ್ಕೂ ಚೂರು ಕಮ್ಮಿ. ಲಿಥಿಯಂ ಐರನ್ ಫಾಸ್ಫೇಟ್‌ನದ್ದು 51.2 ವೋಲ್ಟ್, 100 ಆಂಪಿಯರ್-ಅವರ್, ಅಂದರೆ 5120. ಅದರಲ್ಲಿ ನೂರಕ್ಕೆ 90ರಷ್ಟು ಬಳಸಬಹುದು, 4600. ಮಳೆಗಾಲದ ಮನೆಗೆ ಇದರಷ್ಟೇ ಮುಖ್ಯವಾದ ಇನ್ನೊಂದು ವ್ಯತ್ಯಾಸ ಇದೆ. ಸೀಸದ ಬ್ಯಾಟರಿ ಹಸಿದ ದನದ ಹಾಗೆ, ಖಾಲಿಯಾದ ಮೇಲೆ ಹೊಟ್ಟೆ ತುಂಬಾ ಹಾಕಲೇ ಬೇಕು. ಕೊನೆಯ ಐದನೇ ಒಂದು ಭಾಗ ತುಂಬಲಿಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಜುಲೈಯ ಮಂಕು ಬೆಳಕಿಗೆ ಅದು ಆಗುವ ಕೆಲಸವಲ್ಲ. ಅರೆಹೊಟ್ಟೆಯಲ್ಲಿ ದಿನಗಟ್ಟಲೆ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಬ್ಯಾಟರಿ ಬರಡಾಗುತ್ತದೆ. ಲಿಥಿಯಂ ಐರನ್ ಫಾಸ್ಫೇಟಿಗೆ ಅರೆಹೊಟ್ಟೆ ಅಂದರೆ ತೊಂದರೆಯೇ ಇಲ್ಲ. ಸಿಕ್ಕಿದಷ್ಟು ತಿಂದು ಸುಮ್ಮನಿರುತ್ತದೆ.

ಸೀಸದ ಪರವಾಗಿಯೂ ಹೇಳಬೇಕು. ಅಗ್ಗ. ಊರಿನ ಮೆಕ್ಯಾನಿಕ್ಕಿಗೆ ಗೊತ್ತು. ಹಾಳಾದದ್ದನ್ನು ತೂಕಕ್ಕೆ ಕೊಂಡು ದುಡ್ಡು ಕೊಡುತ್ತಾರೆ. ಲಿಥಿಯಮ್ಮಿನ ಒಳಗಿನ ಬಿಎಂಎಸ್ ಎಂಬ ಕಾವಲು ಬೋರ್ಡ್ ಕೆಟ್ಟರೆ ಇಡೀ ಪೆಟ್ಟಿಗೆ ಕಂಪನಿಗೆ ಹೋಗಬೇಕು. ಅದಕ್ಕೇ ರಿಪೇರಿಯ ವ್ಯವಸ್ಥೆ ಹತ್ತಿರದ ಪೇಟೆಯಲ್ಲೇ ಇರುವವರಿಂದ ಕೊಂಡೆ, ದರ ಎಂಟು ಸಾವಿರ ಜಾಸ್ತಿಯಾದರೂ. ಹಾಗೆಯೇ, ಇದ್ದ ಹಳೆ ಇನ್ವರ್ಟರಿಗೆ ಸೀಸ ತೆಗೆದು ಲಿಥಿಯಂ ಸಿಕ್ಕಿಸುವುದು ಅಂತ ಇದ್ದರೆ ಇನ್ವರ್ಟರಿನಲ್ಲಿ ಲಿಥಿಯಂ ಆಯ್ಕೆ ಇದೆಯೇ ನೋಡಿ. ಎರಡರ ಚಾರ್ಜ್ ವೋಲ್ಟೇಜ್ ಬೇರೆ ಬೇರೆ.

ಲೆಕ್ಕ ಮಳೆಗೆ ನಿಂತಿತೇ?

4.6 ಯೂನಿಟ್ ಬ್ಯಾಟರಿ, 3.7 ಖರ್ಚು. ಬಿಸಿಲು ಸುತರಾಂ ಇಲ್ಲದಿದ್ದರೆ 30 ಗಂಟೆ. ಆದರೆ ಡೈರಿಯಲ್ಲಿರುವುದು 52. 'ಎರಡು ಬ್ಯಾಟರಿ ಹಾಕಿ' ಅಂತ ಅಂಗಡಿಯವರು ಸಲಹೆ ಕೊಟ್ಟರು, ಕೊಡದೆ ಇರುತ್ತಾರೆಯೇ! ನಾವು ಖರ್ಚಿನ ಬದಿಯಿಂದ ಹೋದೆವು. ಜಡಿಮಳೆಯಲ್ಲಿ ಫ್ಯಾನ್ ಯಾಕೆ? ಟಿವಿ, ಮಿಕ್ಸಿ ಬಿಟ್ಟರೆ ಜೀವ ಹೋಗುವುದಿಲ್ಲ, ಕಡೆಯುವ ಕಲ್ಲಿದೆ. ದೀಪ, ಫ್ರಿಜ್, ಪಂಪ್, ಇಂಟರ್‌ನೆಟ್, ಫೋನ್ ಇಷ್ಟನ್ನೇ ಇಟ್ಟುಕೊಂಡರೆ ಇನ್ವರ್ಟರಿನ ಹಸಿವೂ ಸೇರಿ 2.9 ಯೂನಿಟ್. ಮಂಕು ದಿನದಲ್ಲೂ ಮಾಡಿನಿಂದ ಎರಡು ಯೂನಿಟ್ ಬಂದರೆ ಬ್ಯಾಟರಿಯಿಂದ ಇಳಿಯುವುದು ದಿನಕ್ಕೆ ಒಂದಕ್ಕಿಂತ ಕಮ್ಮಿ. ಐದು ದಿನ ದಾಟೀತು. ಒಂದೂವರೆಯೇ ಬಂದರೂ ಮೂರು ದಿನಕ್ಕೆ ಮೋಸವಿಲ್ಲ.

ಕಳೆದ ಮಳೆಗಾಲದಲ್ಲಿ ಅತಿ ದೊಡ್ಡ ಕಡಿತ 41 ಗಂಟೆಯದ್ದು. ಕರೆಂಟ್ ಬಂದಾಗ ಬ್ಯಾಟರಿಯಲ್ಲಿ ನೂರಕ್ಕೆ 58 ಉಳಿದಿತ್ತು. ಫ್ರಿಜ್ ಒಂದು ಗಳಿಗೆಯೂ ನಿಲ್ಲಲಿಲ್ಲ.

ಇದು ಬ್ಯಾಟರಿಯೊಂದರ ಕೈಗುಣ ಅಲ್ಲ, ಸೆಟ್ಟಿಂಗಿನದ್ದೂ ಹೌದು. ಹೈಬ್ರಿಡ್ಡಿನಲ್ಲಿ ಯಾವುದು ಮೊದಲು ಎಂಬ ಸರತಿ ಇರುತ್ತದೆ. ಕೂರಿಸುವವರು ಸಾಮಾನ್ಯವಾಗಿ 'ಸೋಲಾರ್, ಆಮೇಲೆ ಬ್ಯಾಟರಿ, ಕೊನೆಗೆ ಲೈನ್' ಅಂತ ಇಟ್ಟು ಹೋಗುತ್ತಾರೆ. ಹಾಗಿದ್ದರೆ ದಿನಾ ಸಂಜೆ ಲೈನ್ ಇದ್ದರೂ ಬ್ಯಾಟರಿ ಖಾಲಿಯಾಗುತ್ತಾ ಬರುತ್ತದೆ. ರಾತ್ರಿ ಹನ್ನೊಂದಕ್ಕೆ ಮರ ಬಿದ್ದರೆ ಅದರಲ್ಲಿ ಏನೂ ಇರುವುದಿಲ್ಲ. ನೆಟ್ ಮೀಟರ್ ಮನೆಗೆ ಸರತಿ 'ಸೋಲಾರ್, ಲೈನ್, ಕೊನೆಗೆ ಬ್ಯಾಟರಿ' ಅಂತಲೇ ಇರಬೇಕು. ಜೂನಿನಿಂದ ಸೆಪ್ಟೆಂಬರ್ ತನಕ ಬ್ಯಾಟರಿ ತುಂಬಿಯೇ ಇರಲಿ. ಬೇಸಿಗೆಯಲ್ಲಿ ನೂರಕ್ಕೆ 60-70ರಲ್ಲಿ ನಿಲ್ಲಿಸಿದರೆ ಸಾಕು. ಲಿಥಿಯಂ ಸದಾ ನೂರರಲ್ಲಿ ಬಿಸಿಗೆ ಕೂತರೆ ಬೇಗ ಮುದಿಯಾಗುತ್ತದೆ. ಲೈನಿನ ತುದಿಯ ಮನೆಯವರು ಇನ್ನೊಂದು ನೋಡಬೇಕು: ನಮಗೆ ಸಂಜೆ ಬರುವುದೇ 170-180 ವೋಲ್ಟ್. ಕೆಳಗಿನ ಮಿತಿ ಎಷ್ಟರ ತನಕ ಇಳಿಸಬಹುದು ಅಂತ ಕೊಳ್ಳುವ ಮೊದಲೇ ಕೇಳಿ. ಇಲ್ಲದಿದ್ದರೆ ಲೈನಿದ್ದೂ 'ಲೈನಿಲ್ಲ' ಅಂತ ಬ್ಯಾಟರಿ ಕರಗಿಸುತ್ತದೆ.

ಹಳೆ ಮನೆಯ ವಯರಿಂಗ್

ಎಲ್ಲಕ್ಕಿಂತ ಹೆಚ್ಚು ಕೆಲಸ ಕೊಟ್ಟದ್ದು ಇದು. ಬ್ಯಾಕಪ್ಪಿಗೆ ಬೇಕಾದ ದೀಪ, ಫ್ರಿಜ್, ಪಂಪುಗಳನ್ನು ಬೇರೆ ಬೋರ್ಡಿಗೆ ತರಬೇಕು. ಫೇಸ್ ವಯರ್ ಬೇರೆ ಮಾಡುವುದು ಸುಲಭ. ಹಳೆ ಮನೆಗಳಲ್ಲಿ ನ್ಯೂಟ್ರಲ್ ಮಾತ್ರ ಅಲ್ಲಿಂದ ಇಲ್ಲಿಗೆ ಇಲ್ಲಿಂದ ಅಲ್ಲಿಗೆ ಎಲ್ಲ ಒಂದಕ್ಕೊಂದು ಗಂಟು. ಬ್ಯಾಕಪ್ಪಿನ ನ್ಯೂಟ್ರಲ್ಲೂ ಮಾಮೂಲಿ ನ್ಯೂಟ್ರಲ್ಲೂ ಎಲ್ಲೋ ಒಂದು ಕಡೆ ಕೂಡಿದರೂ ಇನ್ವರ್ಟರ್ ದೋಷ ತೋರಿಸುತ್ತದೆ ಅಥವಾ ಆರ್‌ಸಿಸಿಬಿ ಕಾರಣವಿಲ್ಲದೆ ಬೀಳುತ್ತದೆ. ನಮ್ಮಲ್ಲಿ ಗಂಟು ಬಿಡಿಸಲಿಕ್ಕೆ ಇಬ್ಬರಿಗೆ ಎರಡೂವರೆ ದಿನ ಹಿಡಿಯಿತು. ಕೊಟೇಶನ್ ಕೇಳುವಾಗ ಈ ಕೆಲಸವನ್ನು ಬೇರೆಯಾಗಿ ಬರೆಸಿಕೊಳ್ಳಿ.

ಕೆಲಸ ಮುಗಿದ ದಿನ ಮಾಡಲೇಬೇಕಾದ ಪರೀಕ್ಷೆ ಒಂದಿದೆ. ಮೇನ್ ಸ್ವಿಚ್ ತೆಗೆದು ಬ್ಯಾಟರಿಯಲ್ಲಿ ಮನೆ ನಡೆಯುವಾಗ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ. ಅದು ಬೀಳಬೇಕು. ಆದರೆ ಗುಂಡಿ ತೋರಿಸುವುದು ಆರ್‌ಸಿಸಿಬಿ ಒಳಗಿನಿಂದ ಸರಿಯಿದೆ ಅಂತ ಮಾತ್ರ. ಲೈನ್ ಕಳಚಿದಾಗ ನ್ಯೂಟ್ರಲ್ಲಿಗೆ ಭೂಮಿಯ ಸಂಬಂಧವೂ ತಪ್ಪುತ್ತದೆ. ಹೈಬ್ರಿಡ್ ಆ ಹೊತ್ತಿಗೆ ತಾನಾಗಿ ಆ ಸಂಬಂಧ ಕೂಡಿಸಬೇಕು. ಕೂಡಿಸದಿದ್ದರೆ ಒದ್ದೆ ನೆಲದಲ್ಲಿ ನಿಂತು ಶಾಕ್ ಹೊಡೆದಾಗ ಆರ್‌ಸಿಸಿಬಿ ಸುಮ್ಮನೆ ನೋಡುತ್ತಾ ನಿಲ್ಲುತ್ತದೆ. ಎಲೆಕ್ಟ್ರಿಷಿಯನ್ ಹತ್ತಿರ ಬ್ಯಾಕಪ್ಪಿನಲ್ಲಿರುವಾಗ ನ್ಯೂಟ್ರಲ್ ಮತ್ತು ಅರ್ಥಿನ ನಡುವೆ ಮೀಟರ್ ಇಡಿಸಿ. ಸೊನ್ನೆಯ ಹತ್ತಿರ ಬಂದರೆ ಸರಿ. ನೂರರ ಆಸುಪಾಸು ತೋರಿಸಿದರೆ ಕೆಲಸ ಮುಗಿದಿಲ್ಲ, ದುಡ್ಡು ಕೊಡಬೇಡಿ.

ಬ್ಯಾಟರಿಯ ತಂತಿ ದಪ್ಪ ಬೇಕು. ಮೂರು ಸಾವಿರ ವ್ಯಾಟ್ 48 ವೋಲ್ಟಿನಲ್ಲಿ 60 ಆಂಪಿಯರ್ ದಾಟುತ್ತದೆ. ನಮ್ಮದು 25 ಚದರ ಮಿಲಿಮೀಟರಿನ ತಾಮ್ರ, ಉದ್ದ ಎರಡು ಮೀಟರಿಗಿಂತ ಕಮ್ಮಿ. ಬ್ಯಾಟರಿಯ ಬುಡದಲ್ಲೇ ಡಿಸಿ ಫ್ಯೂಸ್. ಎಸಿಯ ಎಂಸಿಬಿ ಇಲ್ಲಿ ನಡೆಯುವುದಿಲ್ಲ, ಡಿಸಿಯ ಕಿಡಿ ತಾನಾಗಿ ಆರುವ ಜಾತಿಯದ್ದಲ್ಲ. ಪ್ಯಾನೆಲ್ ಸಾಲಿನ 400 ವೋಲ್ಟ್ ಹಗಲು ಹೊತ್ತು ಸದಾ ಜೀವಂತ, ಅದನ್ನು ನಾವು ಮುಟ್ಟುವುದೇ ಬೇಡ. ಏಪ್ರಿಲ್-ಮೇ ತಿಂಗಳ ಸಿಡಿಲಿಗೆ ಪ್ಯಾನೆಲ್ ಬದಿಗೂ ಲೈನ್ ಬದಿಗೂ ಸರ್ಜ್ ತಡೆಯುವ ಎಸ್‌ಪಿಡಿ ಹಾಕಿಸಿದ್ದೇವೆ. ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ನೀರು.

ಇಡುವ ಜಾಗ? ಅಟ್ಟ ಬೇಡ, ಹಂಚಿನಡಿ ಮಧ್ಯಾಹ್ನ ಕಾಯುತ್ತದೆ. ಸೀಸದ ಬ್ಯಾಟರಿಗೆ ಎಂಟು ಹತ್ತು ಡಿಗ್ರಿ ಬಿಸಿ ಹೆಚ್ಚಾದರೆ ಆಯುಷ್ಯ ಅರ್ಧ. ಅದರಿಂದ ಹೈಡ್ರೋಜನ್ ಬರುವ ಕಾರಣ ಒಲೆ, ದೇವರ ದೀಪದ ಕೋಣೆಯೂ ಬೇಡ. ಅಡಿಕೆ ಚೀಲದ ಕೋಣೆಯಲ್ಲಿ ಇಲಿ. ನಾವು ಜಗಲಿಯ ಬಡಗು ಗೋಡೆಗೆ, ನೆಲದಿಂದ ಎರಡು ಅಡಿ ಮೇಲೆ ಕೂರಿಸಿದ್ದೇವೆ. ತಂತಿ ಒಳಗೆ ಹೋಗುವ ತೂತುಗಳನ್ನೆಲ್ಲ ಮುಚ್ಚಿಸಿದ್ದೇನೆ. ಹಲ್ಲಿಯೊಂದು ಸರ್ಕೀಟಿನ ಮೇಲೆ ಮಲಗಿದರೆ ಎರಡು ಲಕ್ಷ ಹೋಗುತ್ತದೆ.

ಹೌದು, ಎರಡು ಲಕ್ಷ. ಐದು ಕಿಲೋವ್ಯಾಟಿನ ಹೈಬ್ರಿಡ್ಡಿಗೆ 65 ಸಾವಿರ, ಬ್ಯಾಟರಿಗೆ 1 ಲಕ್ಷ 15 ಸಾವಿರ, ವಯರಿಂಗಿಗೆ 18. ಎರಡಕ್ಕೆ ಎರಡು ಸಾವಿರ ಕಮ್ಮಿ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78 ಸಾವಿರ ಸಹಾಯಧನ ಇರುವುದು ಹೊಸದಾಗಿ ಕೂರಿಸುವ ಚಾವಣಿ ಸೋಲಾರಿಗೆ. ಬ್ಯಾಟರಿಗೆ ಅದರಲ್ಲಿ ಪಾಲಿಲ್ಲ. ಇನ್ವರ್ಟರ್ ಬದಲಿಸುವ ಮೊದಲು ವಿದ್ಯುತ್ ಕಂಪನಿಯ ಉಪವಿಭಾಗ ಕಚೇರಿಗೆ ಹೊಸ ಇನ್ವರ್ಟರಿನ ಪ್ರಮಾಣಪತ್ರಗಳ ಜತೆಗೆ ಅರ್ಜಿ ಕೊಟ್ಟು ಒಪ್ಪಿಗೆ ಪಡೆಯಿರಿ. ನೆಟ್ ಮೀಟರ್ ಕಡತದಲ್ಲಿ ಹಳೆ ಇನ್ವರ್ಟರಿನ ವಿವರ ಇರುತ್ತದೆ.

ತೋಟದ 5 ಎಚ್‌ಪಿ ಪಂಪನ್ನು ಬ್ಯಾಕಪ್ಪಿಗೆ ಸೇರಿಸಬಹುದಾ ಅಂತ ಕೇಳಿದವರೆಷ್ಟೋ. ಬೇಡ. ಅದು ಮೂರು ಫೇಸಿನದ್ದು. ಶುರುವಾಗುವಾಗ ಎಳೆಯುವುದೇ ನಾಲ್ಕೈದು ಪಟ್ಟು. ಗಂಟೆಗೆ ಸುಮಾರು ನಾಲ್ಕೂವರೆ ಯೂನಿಟ್ ತಿನ್ನುವ ಅದಕ್ಕೆ ನಮ್ಮ ಇಡೀ ಬ್ಯಾಟರಿ ಒಂದು ಗಂಟೆಯ ತುತ್ತು. ಮನೆಯ ಅರ್ಧ ಎಚ್‌ಪಿಯದ್ದನ್ನೂ ಫ್ರಿಜ್ ಓಡುವಾಗ, ಮಿಕ್ಸಿ ತಿರುಗುವಾಗ ಚಾಲೂ ಮಾಡುವುದಿಲ್ಲ. ಮಳೆಗಾಲದಲ್ಲಿ ಏನನ್ನು ಯಾವ ಸರತಿಯಲ್ಲಿ ಆರಿಸಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಬೋರ್ಡಿನ ಬಾಗಿಲ ಒಳಗೆ ಅಂಟಿಸಿದ್ದೇನೆ: ನೂರಕ್ಕೆ 70ಕ್ಕೆ ಇಳಿದರೆ ಟಿವಿ, ಮಿಕ್ಸಿ, 50ಕ್ಕೆ ಫ್ಯಾನ್, 35ಕ್ಕೆ ಪಂಪ್, ಇಂಟರ್‌ನೆಟ್, 20ಕ್ಕೆ ಒಂದು ದೀಪ ಬಿಟ್ಟು ಉಳಿದ ಎಲ್ಲ ದೀಪ. ಫ್ರಿಜ್ಜಿನ ಹೆಸರು ಆ ಹಾಳೆಯಲ್ಲಿ ಇಲ್ಲ.